ಕೋಲಾರದಲ್ಲಿ ಹುಟ್ಟಿದ 358ನೇ ಸ್ಕ್ವಾಡ್ರನ್: ಜಿಲ್ಲಾಡಳಿತಕ್ಕೂ ಜಿಲ್ಲೆಯ ಜನರಿಗೂ ಒಂದು ಬಹಿರಂಗ ಪತ್ರ

ಕೋಲಾರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪುರಾತತ್ವ ಮತ್ತು ಪರಂಪರೆ ಇಲಾಖೆಯ ಅಧಿಕಾರಿಗಳಿಗೆ ಹಾಗೂ ಜಿಲ್ಲೆಯ ಎಲ್ಲ ನಾಗರಿಕರಿಗೆ,

ಮಾನ್ಯರೇ,

1944ರ ನವೆಂಬರ್ 8ರಂದು ಕೋಲಾರದ ಏರೋಡ್ರೋಮಿನಲ್ಲಿ ಒಂದು ವಾಯುದಳ ಹುಟ್ಟಿತು. ಅದು ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್. ನಾಲ್ಕು ಎಂಜಿನ್ನಿನ ಲಿಬರೇಟರ್ ವಿಮಾನಗಳ ದಳ. ಒಂದು ವರ್ಷ ಹದಿಮೂರು ದಿನ ಬದುಕಿ, 1945ರ ನವೆಂಬರ್ 21ರಂದು ಬಂಗಾಳದ ಬಿಷ್ಣುಪುರದಲ್ಲಿ ವಿಸರ್ಜನೆಯಾಯಿತು. ಎರಡನೇ ಮಹಾಯುದ್ಧದ ಇತಿಹಾಸ ಓದುವವರಿಗೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ದಳದ ಪಕ್ಕದಲ್ಲಿ "ಕೋಲಾರ" ಎಂಬ ಊರಿನ ಹೆಸರು ಕಾಣುತ್ತದೆ. ಕೋಲಾರದಲ್ಲಿ ಮಾತ್ರ ಈ ದಳದ ಹೆಸರು ಎಲ್ಲೂ ಕಾಣುವುದಿಲ್ಲ. ಈ ಪತ್ರ ಬರೆಯಲು ಇದೊಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ಜಿಲ್ಲೆಯ ಪರಿಚಯ ಬರಹಗಳಲ್ಲಿ, ಭಾಷಣಗಳಲ್ಲಿ ಅಪರೂಪಕ್ಕೊಮ್ಮೆ ಏರೋಡ್ರೋಮಿನ ಮಾತು ಬಂದರೂ, "ಇಲ್ಲಿಂದ ಬಾಂಬರ್‌ಗಳು ಹೊರಟು ಬರ್ಮಾದ ಮೇಲೆ ಬಾಂಬು ಹಾಕಿ ಬರುತ್ತಿದ್ದವು" ಎಂಬ ಒಂದು ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಆ ಸಾಲು ತಪ್ಪು. ಕೋಲಾರ ಬಾಂಬು ಹಾಕಲು ಹೊರಡುವ ನೆಲೆಯಾಗಿರಲಿಲ್ಲ, ಹಾರುವುದನ್ನು ಕಲಿಸುವ ನೆಲೆಯಾಗಿತ್ತು. ಇಲ್ಲಿ ಹುಟ್ಟಿದ ದಳ ಬಾಂಬ್ ದಾಳಿ ಮಾಡಿದ್ದು ಒಂದೇ ಒಂದು ಸಲ, ಅದೂ ಕೋಲಾರ ಬಿಟ್ಟು ಹೋದ ಮೇಲೆ. ಉಳಿದ ಆಯುಷ್ಯವನ್ನೆಲ್ಲ ಅದು ಸವೆಸಿದ್ದು ಸಾಗಣೆಯಲ್ಲಿ: ಶತ್ರುವಿನ ಹಿಡಿತದಲ್ಲಿದ್ದ ಕಾಡುಗಳಿಗೆ ಮನುಷ್ಯರನ್ನೂ ಔಷಧಿಯನ್ನೂ ವೈರ್‌ಲೆಸ್ ಸೆಟ್‌ಗಳನ್ನೂ ಆಯುಧಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸುವುದು, ಯುದ್ಧ ಮುಗಿದ ಮೇಲೆ ಸೆರೆಯಾಳುಗಳಿಗೆ ಅನ್ನ ಮುಟ್ಟಿಸುವುದು, ಅವರನ್ನು ಹೊತ್ತು ತರುವುದು. ಹೊತ್ತೊಯ್ಯುವ ಕೆಲಸ ಮಾಡಿದ ದಳವನ್ನು ಬಾಂಬು ಹಾಕಿದ ದಳ ಎಂದು ಬರೆದಿಟ್ಟರೆ, ಅದರಲ್ಲಿ ದುಡಿದವರ ಬಗ್ಗೆಯೂ ಕೋಲಾರದ ಬಗ್ಗೆಯೂ ಸುಳ್ಳು ಹೇಳಿದಂತೆ. ಹಾಗಾಗಿ ಸಂಗತಿಗಳನ್ನು ಕ್ರಮವಾಗಿ ತಮ್ಮ ಮುಂದಿಡುತ್ತಿದ್ದೇವೆ.

1942ರಿಂದ ಭಾರತದಲ್ಲಿದ್ದ ಬ್ರಿಟಿಷ್ ಬಾಂಬರ್ ದಳಗಳಲ್ಲಿ ಕೆಲವು ಹಾರಿಸುತ್ತಿದ್ದದ್ದು ಎರಡು ಎಂಜಿನ್ನಿನ ವೆಲಿಂಗ್ಟನ್ ವಿಮಾನ. ಅದರ ಮೈಗೆ ಬಟ್ಟೆಯ ಹೊದಿಕೆ, ಹಿಂದೆ ಬಾಲಚಕ್ರ. 1944ರಲ್ಲಿ ಒಂದೊಂದಾಗಿ ಈ ದಳಗಳು ಲಿಬರೇಟರಿಗೆ ಬದಲಾದವು. ವಿಮಾನ ಬದಲಾದ ಮಾತ್ರಕ್ಕೆ ಅದನ್ನು ಹಾರಿಸುವವರ ಕೈ ಬದಲಾಗುವುದಿಲ್ಲ. ಲಿಬರೇಟರಿನ ರೆಕ್ಕೆಯ ಹರವು 110 ಅಡಿ. ಹದಿನಾಲ್ಕು ಸಿಲಿಂಡರಿನ, ತಲಾ 1200 ಅಶ್ವಶಕ್ತಿಯ ನಾಲ್ಕು ಎಂಜಿನ್. ಪೂರಾ ತುಂಬಿದರೆ ತೂಕ 27 ಟನ್ ದಾಟುತ್ತದೆ. ಮುಂದಿನದು ಮೂಗಿನ ಚಕ್ರ. ಬಾಲಚಕ್ರದ ವಿಮಾನದಲ್ಲಿ ಮೂರೂ ಚಕ್ರ ಒಟ್ಟಿಗೆ ನೆಲಕ್ಕೆ ತಾಗುವಂತೆ ಇಳಿಸಿ ರೂಢಿಯಾದವರು ಇಲ್ಲಿ ಮೂಗನ್ನು ಎತ್ತಿ ಹಿಡಿದು ಮೊದಲು ಹಿಂದಿನ ಎರಡು ಚಕ್ರದ ಮೇಲೆ ಓಡಿಸಬೇಕು, ವೇಗ ತಗ್ಗಿದ ಮೇಲೆ ಮೆಲ್ಲಗೆ ಮೂಗು ಇಳಿಸಬೇಕು. ಆತುರಪಟ್ಟರೆ ಮೂಗಿನ ಕಾಲು ನಡುಗಿ ಮುರಿಯುತ್ತದೆ. ಒಂದೇ ಪಕ್ಕದ ಎರಡು ಎಂಜಿನ್ ನಿಂತರೆ ಏನು ಮಾಡಬೇಕು, ಬಾಂಬುಗೂಡಿನ ಹತ್ತಿರ ಸೋರುವ ಪೆಟ್ರೋಲಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಗೂಡಿನ ಬಾಗಿಲು ಸರಿಸಿ ಗಾಳಿ ಆಡಿಸುವುದು ಹೇಗೆ, ಗಾಜಿನ ಕೊಳವೆಯ ಇಂಧನಮಾಪಕವನ್ನು ವಿಮಾನ ಸಮತಲದಲ್ಲಿದ್ದಾಗ ಮಾತ್ರ ನಂಬಬೇಕು ಏಕೆ ಎಂಬುದನ್ನೆಲ್ಲ ಹೊಸದಾಗಿ ಕಲಿಯಬೇಕಿತ್ತು. ಇದನ್ನು ಕಲಿಸಲೆಂದೇ ಇದ್ದ ಘಟಕ 1673ನೇ ಹೆವಿ ಕನ್ವರ್ಷನ್ ಯೂನಿಟ್. ಅದರ ನೆಲೆ ಕೋಲಾರ.

ಕೋಲಾರವೇ ಏಕೆ ಎನ್ನುವುದಕ್ಕೆ ನೆಲದಲ್ಲೇ ಉತ್ತರವಿದೆ. ಜಪಾನೀ ವಿಮಾನಗಳಿಗೆ ಎಟುಕದಷ್ಟು ದೂರ. ಬಂಗಾಳದ ಮಳೆಗಾಲದ ಕಾಟವಿಲ್ಲದ ಬಯಲುಸೀಮೆಯ ತೆರೆದ ಆಕಾಶ. ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಆ ಕಾರ್ಖಾನೆ ಯುದ್ಧಕಾಲದಲ್ಲಿ ಮಿತ್ರಪಡೆಗಳ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಗಿತ್ತು.

ಆದರೆ ಇಲ್ಲಿನ ನೆಲಕ್ಕೆ ಒಂದು ತೊಡಕೂ ಇದೆ, ವಿಮಾನದವರಿಗೆ ಅದು ಚೆನ್ನಾಗಿ ಗೊತ್ತು. ಕೋಲಾರ ಸಮುದ್ರಮಟ್ಟದಿಂದ ಸುಮಾರು 2700 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ವಿಮಾನದವರು ಲೆಕ್ಕಕ್ಕೆ ಪ್ರಮಾಣವಾಗಿ ಹಿಡಿಯುವ ಉಷ್ಣತೆ ಹತ್ತು ಡಿಗ್ರಿಗಿಂತ ಒಂದಿಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನ 34 ಡಿಗ್ರಿ ಇದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆಯ ಪಾಲಿಗೆ ರನ್‌ವೇ 5600 ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಂತೆ. ಲಿಬರೇಟರಿನ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇರುವುದರಿಂದ ಎಂಜಿನ್ ಅಷ್ಟು ಸೊರಗುವುದಿಲ್ಲ. ಸೊರಗುವುದು ರೆಕ್ಕೆ ಮತ್ತು ಪಂಖ. ಸಮುದ್ರಮಟ್ಟದಲ್ಲಿ ನೆಲ ಬಿಡುವ ವೇಗಕ್ಕಿಂತ ಶೇಕಡ 8ರಿಂದ 9ರಷ್ಟು ಹೆಚ್ಚು ವೇಗದಲ್ಲಿ ನೆಲದ ಮೇಲೆ ಓಡಬೇಕು. ಓಟದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಆ ಲೆಕ್ಕವೊಂದರಿಂದಲೇ ಶೇಕಡ 18ರಷ್ಟು ಹೆಚ್ಚು ರನ್‌ವೇ ಬೇಕಾಗುತ್ತದೆ. ಭಾರಿ ಬಾಂಬರ್‌ಗಳಿಗೆ ಆಗ ಬ್ರಿಟಿಷ್ ವಾಯುಪಡೆ ಇಟ್ಟುಕೊಂಡಿದ್ದ ಅಳತೆ 2000 ಗಜ ಉದ್ದ, 50 ಗಜ ಅಗಲ. ತುಂಬಿದ ಲಿಬರೇಟರಿಗೆ ಕೋಲಾರದ ಬಿಸಿಲಿನಲ್ಲಿ ಅದರಲ್ಲಿ ಮಿಗುವ ಗಜಗಳು ಬಹಳ ಕಡಿಮೆ. ಇಂಥ ನೆಲದಲ್ಲಿ ಹೊರೆಯ ಹಾರಾಟಕ್ಕೆ ನಸುಕಿನ ತಂಪು ಬೇಕು. ಅಂತರಗಂಗೆ ಬೆಟ್ಟದ ಸಾಲು ಕಣ್ಣೆದುರಿಗೇ ಇರುವ ಊರಿನಲ್ಲಿ ಏರುವ ದಿಕ್ಕನ್ನೂ ಯೋಚಿಸಿಯೇ ಆರಿಸಬೇಕು. ಇಷ್ಟನ್ನೂ ಬರೆದದ್ದು, ಆ ಏರೋಡ್ರೋಮನ್ನು ಯಾರೋ ಬಂದು ಎಲ್ಲೋ ಒಂದು ಕಡೆ ಕಾಂಕ್ರೀಟು ಸುರಿದ ಜಾಗ ಎಂದು ನೋಡಬಾರದು ಎನ್ನುವುದಕ್ಕೆ. ಅದರ ಉದ್ದ, ದಿಕ್ಕು, ಜಾಗ ಎಲ್ಲಕ್ಕೂ ಈ ಮಣ್ಣಿನ ಲೆಕ್ಕವಿದೆ.

1673ನೇ ಘಟಕದ ಹೆಚ್ಚಿನ ಸಿಬ್ಬಂದಿಯನ್ನೇ ತೆಗೆದುಕೊಂಡು 358ನೇ ದಳವನ್ನು ಕಟ್ಟಲಾಯಿತು. ಹೆಸರಿಗೆ ಅದು ಬಾಂಬರ್ ದಳವೇ. 1945ರ ಜನವರಿಯ ಮೊದಲ ದಿನಗಳಲ್ಲಿ ಬಂಗಾಳದ ಮೇದಿನೀಪುರದ ಕಡೆಯ ದಿಗ್ರಿಗೆ ಹೋಯಿತು. ಜನವರಿ 13ರಂದು ಅದರ ಎಂಟು ವಿಮಾನಗಳು ಬರ್ಮಾದ ಮ್ಯಾಂಡಲೆಯ ಮೇಲೆ ದಾಳಿ ಮಾಡಿದವು. ಬಾಂಬಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆಮೇಲೆ ದಳವನ್ನು "ವಿಶೇಷ ಕರ್ತವ್ಯ"ಕ್ಕೆ ವರ್ಗಾಯಿಸಿದರು. ಫೆಬ್ರುವರಿಯಲ್ಲಿ ಅದು ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿಗೆ ಹೋಗಿ, ಯುದ್ಧ ಮುಗಿಯುವವರೆಗೆ ಅಲ್ಲಿಂದಲೇ ಬರ್ಮಾ, ಇಂಡೋಚೀನಾ, ಮಲಯಾಗಳ ಕಡೆ ಹಾರಿತು.

ಈ ವಿಶೇಷ ಕರ್ತವ್ಯ ಎಂಬುದು ಎಂಥ ಸಾಗಣೆ ಎಂದು ತಿಳಿಯದೆ ಈ ದಳದ ಬೆಲೆ ತಿಳಿಯುವುದಿಲ್ಲ. ಜೆಸ್ಸೋರಿನಿಂದ ಹನೋಯ್ ಕಡೆಗೆ ನೇರ ದೂರವೇ ಸುಮಾರು 1700 ಕಿಲೋಮೀಟರ್. ಹೋಗಿ ಬರಲು 3400. ಅಂದರೆ ಹನ್ನೆರಡು ಗಂಟೆಯಷ್ಟು ಒಂದೇ ಹಾರಾಟ, ಬಹುಪಾಲು ಕತ್ತಲಲ್ಲಿ, ಗುಡುಗುಮೋಡದ ನಡುವೆ, ನಂಬಬಹುದಾದ ನಕ್ಷೆಯಿಲ್ಲದ ಬೆಟ್ಟಗಳ ಮೇಲೆ. ಕೆಳಗಿನ ನದಿ ಹೊಳೆಯಬೇಕೆಂದು ಬೆಳದಿಂಗಳ ರಾತ್ರಿಗಳನ್ನು ಆರಿಸುತ್ತಿದ್ದರು. ನದಿಯ ತಿರುವೇ ಇವರ ಮೈಲಿಗಲ್ಲು. ಗುರುತಿನ ಜಾಗ ತಲುಪಿದ ಮೇಲೆ, ಜಪಾನೀಯರ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತ ಕೆಳಗೆ ಕಾದಿದ್ದವರು ಹಚ್ಚಿದ ಬೆಂಕಿಯ ಗುಡ್ಡೆಗಳು ಗೊತ್ತುಪಡಿಸಿದ ಆಕಾರದಲ್ಲಿ ಇವೆಯೇ ಎಂದು ನೋಡಬೇಕು. ಆಕಾರ ತಪ್ಪಿದ್ದರೆ ಕೆಳಗಿರುವವರು ನಮ್ಮವರಲ್ಲ. ಹೊತ್ತು ತಂದದ್ದನ್ನು ಹಾಗೇ ಹೊತ್ತು ವಾಪಸ್ಸು ಹೋಗಬೇಕು.

ಸಾಮಾನು ತುಂಬುತ್ತಿದ್ದದ್ದು ಉಕ್ಕಿನ ಉದ್ದನೆಯ ಕಂಟೈನರ್‌ಗಳಲ್ಲಿ. ಒಂದೊಂದು ಸುಮಾರು ಐದೂಮುಕ್ಕಾಲು ಅಡಿ ಉದ್ದ, ಹದಿನೈದು ಅಂಗುಲ ವ್ಯಾಸ. ಬಾಂಬು ತೂಗುಹಾಕುವ ಕೊಂಡಿಗೇ ಇವನ್ನು ಸಿಕ್ಕಿಸುತ್ತಿದ್ದರು. ಲಿಬರೇಟರಿನ ಹೊಟ್ಟೆಯಲ್ಲಿ ಹನ್ನೆರಡರಷ್ಟು ಹಿಡಿಸುತ್ತವೆ. ಮನುಷ್ಯರನ್ನು ಇಳಿಸುತ್ತಿದ್ದದ್ದು ಹಿಂಭಾಗದ ನೆಲದಲ್ಲಿ ತೆರೆದ ಕಂಡಿಯಿಂದ. ಎತ್ತರ 500–600 ಅಡಿ, ವೇಗ ಗಂಟೆಗೆ ಸುಮಾರು 130 ಮೈಲಿ. ಲಿಬರೇಟರಿನ ಕಿರಿದಾದ ಉದ್ದನೆಯ ರೆಕ್ಕೆ ದೂರದ ಹಾರಾಟಕ್ಕೆ ಒಗ್ಗಿದ್ದು, ಈ ನಿಧಾನದ ವೇಗದಲ್ಲಿ ಹಿಡಿತ ಜಾಳಾಗುತ್ತದೆ. ಆ ವೇಗದಲ್ಲಿ ವಿಮಾನ ಸೆಕೆಂಡಿಗೆ 58 ಮೀಟರ್ ಮುಂದೆ ಹೋಗುತ್ತದೆ. ಸ್ವಿಚ್ಚು ಒತ್ತುವುದು ಒಂದು ಸೆಕೆಂಡು ತಡವಾದರೆ ಅಷ್ಟೂ ಸಾಮಾನು 58 ಮೀಟರ್ ಆಚೆ ಬೀಳುತ್ತದೆ. ಹನ್ನೆರಡೂ ಕಂಟೈನರ್ ಹೊರಬೀಳಲು ನಾಲ್ಕು ಸೆಕೆಂಡು ಹಿಡಿದರೆ ಮೊದಲನೆಯದಕ್ಕೂ ಕೊನೆಯದಕ್ಕೂ 230 ಮೀಟರ್ ಅಂತರ. ಪ್ಯಾರಾಚೂಟು ಸೆಕೆಂಡಿಗೆ ಎಂಟು ಮೀಟರಿನಂತೆ ಇಳಿದರೆ 500 ಅಡಿಯಿಂದ ನೆಲ ಮುಟ್ಟಲು ಹತ್ತೊಂಬತ್ತು ಸೆಕೆಂಡು. ಸೆಕೆಂಡಿಗೆ ಐದು ಮೀಟರಿನ ಸಾಧಾರಣ ಗಾಳಿ ಇದ್ದರೂ ಅಷ್ಟರಲ್ಲಿ ಮತ್ತೆ 95 ಮೀಟರ್ ಪಕ್ಕಕ್ಕೆ ತೇಲಿರುತ್ತದೆ. ಬಯಲಿನಲ್ಲಿ ಇದು ದೊಡ್ಡದಲ್ಲ. ಬಿದಿರುಮೆಳೆಯ ಕಣಿವೆಯಲ್ಲಿ 95 ಮೀಟರ್ ಎಂದರೆ ಆ ಕಂಟೈನರ್ ಸಿಗುವುದಿಲ್ಲ, ಅಥವಾ ಬೇರೆಯವರಿಗೆ ಸಿಗುತ್ತದೆ. ಎತ್ತರ ತಗ್ಗಿಸಿದರೆ ತೇಲಾಟ ಕಡಿಮೆ, ಆದರೆ ಪ್ಯಾರಾಚೂಟು ಪೂರ್ತಿ ಬಿಚ್ಚಿಕೊಳ್ಳಲು ಸಮಯ ಸಾಲದು. ಈ ಎರಡರ ನಡುವೆ ಪ್ರತಿ ರಾತ್ರಿ ತೀರ್ಮಾನ ಮಾಡಬೇಕಿದ್ದವರು, ಲಿಬರೇಟರನ್ನು ಹಿಡಿತಕ್ಕೆ ತಂದುಕೊಳ್ಳಲು ಕಲಿತದ್ದು ಕೋಲಾರದ ಆಕಾಶದಲ್ಲಿ.

ಪ್ಯಾರಾಚೂಟಿನ ಮಾತು ಬಂದಿದ್ದರಿಂದ ಜಿಲ್ಲೆಯ ರೇಷ್ಮೆಯವರಿಗೆ ಒಂದು ಮಾತು. ಆಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲವೂ ಕೋಲಾರ ಜಿಲ್ಲೆಯವೇ. 2007ರಲ್ಲಷ್ಟೇ ಬೇರೆಯಾದದ್ದು. ಜಪಾನಿನ ರೇಷ್ಮೆ ನಿಂತುಹೋದ ಮೇಲೆ ಪ್ಯಾರಾಚೂಟ್ ಬಟ್ಟೆಗೆ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಬಂತು. ಚರಕದಲ್ಲಿ ಬಿಚ್ಚಿದ ನೂಲು ಒಂದು ಮಾರು ದಪ್ಪ, ಒಂದು ಮಾರು ತೆಳು. ಸೀರೆಗೆ ಅದು ನಡೆಯುತ್ತದೆ, ಪ್ಯಾರಾಚೂಟಿಗೆ ನಡೆಯುವುದಿಲ್ಲ. ತೆಳುವಾದ ಕಡೆಯೇ ಬಟ್ಟೆ ಹರಿಯುವುದು. ಸಮ ನೂಲು ಬೇಕೆಂದೇ ಸಂಸ್ಥಾನದಲ್ಲಿ ಫಿಲೇಚರ್‌ಗಳಿಗೆ, ಅಂದರೆ ಯಂತ್ರದಲ್ಲಿ ನೂಲು ಬಿಚ್ಚುವ ಕಾರ್ಖಾನೆಗಳಿಗೆ, ಒತ್ತು ಬಂತು. ಅದೂ ಸಾಲದೆ ಹೋದಾಗ ಬರ್ಮಾ ರಂಗದ ಸರಬರಾಜಿಗೆ ಕಲ್ಕತ್ತೆಯಲ್ಲಿ ಸೆಣಬಿನ ಪ್ಯಾರಾಚೂಟುಗಳನ್ನೇ ಹೊಲಿದರು. ಮನುಷ್ಯರಿಗೆ ಅವನ್ನು ಕಟ್ಟುತ್ತಿರಲಿಲ್ಲ, ಸಾಮಾನಿಗೆ ಮಾತ್ರ. ಅಕ್ಕಿಯನ್ನು ಎಷ್ಟೋ ಸಲ ಪ್ಯಾರಾಚೂಟೇ ಇಲ್ಲದೆ ಉದುರಿಸುತ್ತಿದ್ದರು: ಅರ್ಧ ತುಂಬಿದ ಚೀಲವನ್ನು ಇನ್ನೊಂದು ದೊಡ್ಡ ಚೀಲದೊಳಗೆ ಸಡಿಲವಾಗಿ ಹಾಕಿ ಹೊಲಿಯುವುದು. ನೆಲಕ್ಕೆ ಬಡಿದಾಗ ಒಳಗಿನದು ಒಡೆದರೂ ಹೊರಗಿನದು ಕಾಳನ್ನು ಹಿಡಿದುಕೊಳ್ಳುತ್ತದೆ.

1945ರ ಆಗಸ್ಟಿನಲ್ಲಿ ಜಪಾನ್ ಶರಣಾದ ಮೇಲೆ ಈ ದಳ ಸೆರೆಯಾಳುಗಳ ಶಿಬಿರಗಳ ಕಡೆ ತಿರುಗಿತು. ಮೊದಲು ಕರಪತ್ರ, ಆಮೇಲೆ ಆಹಾರ, ಔಷಧಿ, ವೈದ್ಯರ ತಂಡ ಎಂಬ ಕ್ರಮದಲ್ಲಿ ಆಗ್ನೇಯ ಏಷ್ಯಾದ ಉದ್ದಗಲಕ್ಕೂ ನಡೆದ ಆ ಕಾರ್ಯಾಚರಣೆಯಲ್ಲಿ ಲಿಬರೇಟರ್‌ಗಳ ಪಾಲು ದೊಡ್ಡದು. 358ನೇ ದಳ ಸಾಮಾನು ಇಳಿಸಿತು, ಬಿಡುಗಡೆಯಾದವರನ್ನು ಹೊತ್ತು ತಂದಿತು. ನವೆಂಬರಿನಲ್ಲಿ ಬಾಗಿಲು ಮುಚ್ಚಿತು.

ವಿಮಾನದ ಕಥೆ ಮಾತ್ರ ಮತ್ತೆ ನಮ್ಮ ಹತ್ತಿರಕ್ಕೇ ಬಂತು. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್‌ಗಳಲ್ಲಿ 42ನ್ನು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟಿನವರು ಹಾರುವ ಮಟ್ಟಿಗೆ ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾದ ವಿಮಾನಗಳಿಂದ 1948ರ ನವೆಂಬರಿನಲ್ಲಿ ಭಾರತೀಯ ವಾಯುಸೇನೆಯ 5ನೇ ಸ್ಕ್ವಾಡ್ರನ್ ಕಟ್ಟಲಾಯಿತು. 6ನೇ ಸ್ಕ್ವಾಡ್ರನ್ 1968ರ ಕೊನೆಯವರೆಗೂ ಲಿಬರೇಟರ್ ಹಾರಿಸಿತು. ಅಂಥ ಒಂದು ವಿಮಾನ ದೆಹಲಿಯ ಪಾಲಂನ ವಾಯುಸೇನಾ ಸಂಗ್ರಹಾಲಯದಲ್ಲಿದೆ. ಭಾರತದಿಂದ 1974ರಲ್ಲಿ ಹೋದ ಇನ್ನೊಂದು ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿದೆ. ಶಾಲೆಯ ಮಕ್ಕಳಿಗೆ ಇದನ್ನು ಹೇಳಲು ತಡೆ ಏನಿದೆ? ಲೇಹ್‌ನಲ್ಲಿ 1948ರ ಮೇ 24ರಂದು ವಾಯುಸೇನೆಯ ಮೆಹರ್ ಸಿಂಗ್ ಅವರು ಇಳಿಸಿದ ಮೊದಲ ಡಕೋಟಾ ಸಾಗಣೆ ವಿಮಾನದಲ್ಲಿ ಕೊಡಗಿನ ತಿಮ್ಮಯ್ಯನವರು ಇದ್ದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಸಾಗಣೆ ವಿಮಾನದ ಚರಿತ್ರೆಯಲ್ಲಿ ಕೋಲಾರಕ್ಕೂ ಒಂದು ಸಾಲು ಸಲ್ಲಬೇಕು.

ಮಾನ್ಯ ಜಿಲ್ಲಾಧಿಕಾರಿಗಳೇ, ಇನ್ನು ನಮ್ಮ ಕೋರಿಕೆಗಳು.

ಮೊದಲನೆಯದು ಕಾಗದ. ಏರೋಡ್ರೋಮಿಗೆ ಜಮೀನು ಹೋದದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. ಆಗಿನ ಭೂಸ್ವಾಧೀನದ ಕಡತಗಳು, ಮೂಲ ಟಿಪ್ಪಣಿ, ಆಕಾರಬಂದ್, ಹಳೆಯ ಗ್ರಾಮನಕ್ಷೆ, ಮ್ಯುಟೇಷನ್ ರಿಜಿಸ್ಟರ್ ಇವೆಲ್ಲ ತಾಲ್ಲೂಕು ಕಚೇರಿ, ಭೂಮಾಪನ ಇಲಾಖೆ ಮತ್ತು ರಾಜ್ಯ ಪತ್ರಾಗಾರದ ನಡುವೆ ಹಂಚಿಹೋಗುವ ಬಗೆಯವು. ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಮುನ್ನ 1940ರಿಂದ 1950ರವರೆಗಿನ ಭೂಸ್ವಾಧೀನದ ಕಾಗದಗಳನ್ನು ಬೇರೆ ತೆಗೆದಿಡಲು ಒಂದು ಸುತ್ತೋಲೆ ಹೊರಡಿಸಿ. ಯಾರ ಜಮೀನು, ಎಷ್ಟು ಎಕರೆ ಎಷ್ಟು ಗುಂಟೆ, ಎಷ್ಟು ಪರಿಹಾರ ಎಂಬುದು ಆ ಕಾಗದಗಳಲ್ಲೇ ಇರಬೇಕಾದ್ದು. ವಿಮಾನದ ಚರಿತ್ರೆಗಿಂತ ಮೊದಲು ಅದು ರೈತರ ಚರಿತ್ರೆ.

ಎರಡನೆಯದು ಲಂಡನ್ನಿನ ಕ್ಯೂ (Kew) ಎಂಬ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಬ್ರಿಟಿಷ್ ವಾಯುಪಡೆಯ ಪ್ರತಿ ದಳವೂ ದಿನಚರಿಯನ್ನು ಫಾರಂ 540ರಲ್ಲಿ, ಹಾರಾಟದ ವಿವರವನ್ನು ಫಾರಂ 541ರಲ್ಲಿ ಬರೆದಿಡುತ್ತಿತ್ತು. ದಳಗಳ ಪುಸ್ತಕಗಳು ಅಲ್ಲಿ "ಏರ್ 27" ಎಂಬ ಶ್ರೇಣಿಯಲ್ಲಿವೆ, ನೆಲೆಗಳದು "ಏರ್ 28", ತರಬೇತಿ ಘಟಕಗಳಂಥವು "ಏರ್ 29". ಕೋಲಾರಕ್ಕೆ ಸಂಬಂಧಿಸಿದ ಪುಟಗಳ ಪ್ರತಿ ತರಿಸಲು ಇಲಾಖೆಗೆ ಆಗುವ ಖರ್ಚು ಒಂದು ವೇದಿಕೆ ಸಮಾರಂಭದ ಶಾಮಿಯಾನದಷ್ಟೂ ಆಗಲಾರದು. ಆ ಪುಟಗಳು ಬಂದ ಮೇಲೆ ಜಿಲ್ಲೆಯ ಬಗ್ಗೆ ಬರೆಯುವವರಿಗೆ ತಪ್ಪು ಬರೆಯಲು ನೆಪ ಉಳಿಯುವುದಿಲ್ಲ.

ಮೂರನೆಯದು ನೆಲ. ಹಳೆಯ ರನ್‌ವೇ, ಟ್ಯಾಕ್ಸಿವೇ, ವಿಮಾನ ನಿಲ್ಲಿಸುವ ಕಟ್ಟೆ ಇವುಗಳ ಗುರುತು ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿ ಹೊಸ ಬಡಾವಣೆಗೆ ಅನುಮೋದನೆ ಕೊಡುವ ಮುಂಚೆ ಒಮ್ಮೆ ಅಳತೆ ಮಾಡಿಸಿ, ಫೋಟೋ ತೆಗೆಸಿ, ಸರ್ವೆ ನಂಬರಿನ ಜೊತೆ ದಾಖಲಿಸಿ. ಯಾರ ಜಮೀನನ್ನೂ ತಡೆಹಿಡಿಯಿರಿ ಎಂದು ನಾವು ಕೇಳುತ್ತಿಲ್ಲ. ಅಳತೆ ಆದರೆ ಸಾಕು.

ಇನ್ನು ಸುತ್ತಲ ಹಳ್ಳಿಗಳವರಲ್ಲಿ ಒಂದು ವಿನಂತಿ. ನಿಮ್ಮ ಕೊಟ್ಟಿಗೆಯ ಬಾಗಿಲಿಗೋ ಬೇಲಿಗೋ ಚರಂಡಿಯ ಮೇಲೋ ಹತ್ತು ಅಡಿ ಉದ್ದ, ಹದಿನೈದು ಅಂಗುಲ ಅಗಲದ, ಮೂರು ಸಾಲು ದುಂಡನೆಯ ತೂತುಗಳಿರುವ, ಅಂಚಿನಲ್ಲಿ ಕೊಕ್ಕೆಗಳಿರುವ ಉಕ್ಕಿನ ಹಲಗೆ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಯುದ್ಧಕಾಲದ ವಿಮಾನನೆಲೆಗಳಲ್ಲಿ ಹಾಸುತ್ತಿದ್ದ ಹಲಗೆ ಅದು, ಒಂದೊಂದು ಮೂವತ್ತು ಕಿಲೋ ತೂಗುತ್ತದೆ. ಅಲ್ಯೂಮಿನಿಯಂ ತುಂಡಿನ ಮೇಲೆ ಒತ್ತಿದ ಅಂಕಿಗಳು 32ರಿಂದ ಶುರುವಾಗಿದ್ದರೆ ಅದು ಲಿಬರೇಟರಿನ ಭಾಗವಾಗಿರಬಹುದು. ಉಜ್ಜಿ ಹೊಳಪು ಮಾಡಬೇಡಿ, ಬಣ್ಣದಲ್ಲೇ ಗುರುತು ಇರುತ್ತದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದು, ಎಲ್ಲಿ ಸಿಕ್ಕಿತು ಎಂದು ಬರೆದಿಡಿ. ಗುಂಡು, ಮದ್ದು, ಬಾಲಕ್ಕೆ ರೆಕ್ಕೆಯಿರುವ ಕಬ್ಬಿಣದ ಉರುಳೆ ಇಂಥದ್ದು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

1944ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಅವರನ್ನು ಮಾತಾಡಿಸುವ ಕೆಲಸವನ್ನು ಜಿಲ್ಲೆಯ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಈ ವರ್ಷವೇ ವಹಿಸಿ. "ವಿಮಾನ ನೋಡಿದ್ದೀರಾ" ಎಂದಷ್ಟೇ ಕೇಳಿದರೆ ಸಾಲದು. ನಿಮ್ಮ ಮನೆಯಿಂದ ಯಾರು ಜಲ್ಲಿ ಒಡೆಯಲು ಹೋದರು, ದಿನಗೂಲಿ ಎಷ್ಟಾಣೆ, ನೀರು ಯಾವ ಕೆರೆಯಿಂದ ಬಂತು, ಹಾಲು ತರಕಾರಿ ಯಾರು ಕೊಡುತ್ತಿದ್ದರು, ಹೊಲ ವಾಪಸ್ಸು ಬಂತೇ ಎಂದು ಕೇಳಬೇಕು. ತಮಿಳು, ತೆಲುಗು ಆಡುವವರ ಮಾತನ್ನು ಅವರ ಭಾಷೆಯಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು.

ಕೊನೆಯದಾಗಿ, ಒಂದು ಫಲಕ. ಜನ ಓಡಾಡುವ ಜಾಗದಲ್ಲಿ, ಕನ್ನಡದಲ್ಲಿ. ಒಕ್ಕಣೆಯನ್ನು ನಾವೇ ಕಳಿಸುತ್ತಿದ್ದೇವೆ:

"ಎರಡನೇ ಮಹಾಯುದ್ಧದಲ್ಲಿ ಕೋಲಾರದ ಏರೋಡ್ರೋಮು ಲಿಬರೇಟರ್ ವಿಮಾನಗಳ ತರಬೇತಿ ನೆಲೆಯಾಗಿತ್ತು. 8 ನವೆಂಬರ್ 1944ರಂದು ಇಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿತು. ಬರ್ಮಾ, ಇಂಡೋಚೀನಾ, ಮಲಯಾಗಳಿಗೆ ಜನರನ್ನೂ ಸಾಮಗ್ರಿಯನ್ನೂ ಪ್ಯಾರಾಚೂಟಿನಲ್ಲಿ ಇಳಿಸಿತು. ಯುದ್ಧ ಮುಗಿದ ಮೇಲೆ ಸೆರೆಯಾಳುಗಳಿಗೆ ಸಾಮಗ್ರಿ ಮುಟ್ಟಿಸಿ, ಅವರನ್ನು ಹೊತ್ತು ತಂದಿತು. ಈ ನೆಲೆಗೆ ಜಮೀನು ಬಿಟ್ಟುಕೊಟ್ಟವರು, ಇದನ್ನು ಕಟ್ಟಿದವರು ಈ ಸುತ್ತಿನ ಹಳ್ಳಿಗಳ ಜನ."

ಕೊನೆಯ ಸಾಲಿನ ಕೆಳಗೆ ಆ ಹಳ್ಳಿಗಳ ಹೆಸರು ಬರೆಯಲು ಜಾಗ ಬಿಟ್ಟಿದ್ದೇವೆ. ಕಡತ ನೋಡಿ ಅದನ್ನು ತುಂಬಿಸಬೇಕಾದವರು ತಾವು.

ಇತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ವಿಮಾನಯಾನ ಇತಿಹಾಸಾಸಕ್ತರು